ಬಲಕ್ಕೆ ಎಳೆದ ನಾಯಿ

ತಮಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರೂ ಇಲ್ಲ ಎಂಬುದು ಟೀಸಿಯವರು ತಾವೇ ಹೇಳಿಕೊಳ್ಳುತ್ತಿದ್ದ ಮಾತು. ಮೂವತ್ತನಾಲ್ಕು ವರ್ಷ ಓಡುವ ರೈಲಿನಲ್ಲಿ ಟಿಕೆಟ್ ನೋಡಿದವರು. ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಓಣಿಯವರಿಗೆಲ್ಲ ಅವರು ಟೀಸಿಯವರೇ. ಬೋಗಿಯೊಳಗೆ ಕಾಲಿಟ್ಟ ಕೂಡಲೇ ಯಾರು ನಿದ್ದೆ ಮಾಡುತ್ತಿದ್ದಾರೆ, ಯಾರು ನಿದ್ದೆ ನಟಿಸುತ್ತಿದ್ದಾರೆ ಎಂದು ಅವರಿಗೆ ತಿಳಿದುಬಿಡುತ್ತಿತ್ತಂತೆ. "ಮುಖ ನೋಡಬಾರದು, ಕಿವಿ ನೋಡಬೇಕು. ಮುಖಕ್ಕೆ ನಾಟಕ ಬರುತ್ತೆ, ಕಿವಿಗೆ ಬರಲ್ಲ, ಕೆಂಪಗಾಗುತ್ತೆ" ಎಂದು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಪಾಠ ಹೇಳುತ್ತಿದ್ದರು.

ಮನೆಯಲ್ಲಿ ಹೆಂಡತಿ ಇದ್ದರು, ಮೂವತ್ತಮೂರು ದಾಟಿದ ಒಬ್ಬಳೇ ಮಗಳಿದ್ದಳು, ಒಂದು ಕಿವಿ ನೆಟ್ಟಗೆ ಒಂದು ಕಿವಿ ಜೋಲಾದ ಕಂದು ನಾಯಿಯಿತ್ತು. ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ನಂಬರು ಬರೆದುಕೊಡುವವಳು. ನಾಯಿಗೆ ಗಾರ್ಡ್ ಎಂದು ಹೆಸರಿಟ್ಟವರು ಟೀಸಿಯವರು. ಹೆಸರಿಟ್ಟದ್ದು ಬಿಟ್ಟರೆ ಆ ನಾಯಿಗಾಗಿ ಅವರು ಬೇರೇನೂ ಮಾಡಿದವರಲ್ಲ. ಸುತ್ತಾಡಿಸುವುದು, ಉಣಿಸುವುದು, ಮೀಯಿಸುವುದು ಎಲ್ಲ ಮಗಳ ಪಾಲಿಗೆ.

ಅವಳ ಶ್ರದ್ಧೆಯನ್ನು ಮಾತ್ರ ಟೀಸಿಯವರು ಬಾಯಿ ತುಂಬ ಹೊಗಳುತ್ತಿದ್ದರು. ಬೆಳಿಗ್ಗೆ ಆರಕ್ಕೆ ಅರ್ಧ ಗಂಟೆ. ಸಂಜೆ ಆರೂವರೆಗೆ ಹೊರಟರೆ ಎಂಟೂಕಾಲು. ಮಳೆಯಿರಲಿ, ಚಳಿಯಿರಲಿ, ತಪ್ಪಿದ್ದಿಲ್ಲ. ಭಾನುವಾರ ಬಂತೆಂದರೆ ಹತ್ತಕ್ಕೆ ಹೊರಟವಳು ನಾಲ್ಕಕ್ಕೆ ವಾಪಸ್. "ವಾರಕ್ಕೊಂದು ದಿನವಾದ್ರೂ ನಾಯಿಗೆ ದೂರ ನಡೆಯೋದು ಬೇಕಪ್ಪ, ಇಲ್ಲಾಂದ್ರೆ ಸೊಂಟ ಹಿಡ್ಕೊಳ್ಳುತ್ತೆ" ಎಂದು ಅವಳು ಹೇಳಿದ್ದನ್ನು ಅವರು ನಂಬಿದ್ದರು. ಆರು ಗಂಟೆ ನಡೆದು ಬಂದ ನಾಯಿ ಒಂದಿಷ್ಟೂ ಏದುಸಿರು ಬಿಡದೆ ಬಂದು ಮಲಗುತ್ತಿದ್ದುದನ್ನು ನೋಡಿ, "ಏನು ದೇಹದಾರ್ಢ್ಯ ನೋಡೇ ಇದರದ್ದು" ಎಂದು ಹೆಂಡತಿಗೆ ತೋರಿಸಿಯೂ ಇದ್ದರು. ಹೆಂಡತಿ "ಹೌದು ರೀ" ಎಂದು ಒಳಗೆ ಹೋಗಿದ್ದರು.

ಹೀಗಿರುವಾಗ ಒಂದು ದಿನ ಅಂಗಡಿಯ ಮೆಟ್ಟಿಲಲ್ಲಿ ಮಗಳ ಕಾಲು ಜಾರಿತು. ಹಿಮ್ಮಡಿಯ ಮೇಲಿನ ಮೂಳೆ ಬಿರುಕುಬಿಟ್ಟಿದೆ ಎಂದು ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ನೆಲಕ್ಕೆ ಪಾದ ಊರಕೂಡದು ಎಂದರು.

"ಗಾರ್ಡ್‌ನ ಗತಿ ಏನು?" ಎಂದರು ಟೀಸಿಯವರು.

"ಪಕ್ಕದ ಮನೆಯವರಿಗೆ ಹೇಳೋಣ" ಎಂದರು ಹೆಂಡತಿ, ಸ್ವಲ್ಪ ಅವಸರದಲ್ಲೇ. "ಅಥವಾ ಹಿತ್ತಲಲ್ಲೇ ಬಿಟ್ರಾಯ್ತು ಬಿಡಿ."

"ನಾನಿಲ್ವಾ? ಕೈಕಾಲು ಗಟ್ಟಿಯಾಗಿರೋ ಗಂಡಸು ಮನೇಲಿ ಕೂತಿರುವಾಗ ಪಕ್ಕದ ಮನೆಗೆ ಯಾಕೆ ಹಲ್ಲುಗಿಂಜಬೇಕು?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮಗಳು ಹಾಸಿಗೆಯಲ್ಲೇ ಎದ್ದು ಕೂತು, "ಹಾಗಾದ್ರೆ ಅಪ್ಪ, ಗೇಟು ದಾಟಿ ಎಡಕ್ಕೆ ತಿರುಗು. ನೀರಿನ ಟ್ಯಾಂಕಿನ ತನಕ ಹೋಗಿ ಬಂದ್ಬಿಡು. ಬಲಕ್ಕೆ ಬೇಡ. ಆ ಕಡೆ ಬೀದಿನಾಯಿ ಕಾಟ" ಎಂದಳು.

"ಓಡೋ ರೈಲಲ್ಲಿ ಮೂವತ್ತನಾಲ್ಕು ವರ್ಷ ನಡೆದವನಿಗೆ ನೀನು ದಾರಿ ಹೇಳ್ಕೊಡ್ತೀಯಾ" ಎಂದು ಟೀಸಿಯವರು ನಕ್ಕು, ಚೈನು ಹಿಡಿದು ಹೊರಟರು.

ಗೇಟು ದಾಟಿದ್ದೇ ನಾಯಿ ಬಲಕ್ಕೆ ತಿರುಗಿತು. ಟೀಸಿಯವರು ಎಡಕ್ಕೆ ಎಳೆದರು. ನಾಯಿ ನಡುರಸ್ತೆಯಲ್ಲಿ ಕುಂಡೆಯೂರಿ ಕೂತಿತು. ಗದರಿದರು, ಪುಸಲಾಯಿಸಿದರು, ಕೊನೆಗೆ ಹಳೆಯ ಗತ್ತಿನಲ್ಲಿ "ಏಳ್ರೀ" ಎಂದೂ ನೋಡಿದರು. ಹಾಲಿನ ವ್ಯಾನಿನವನು ಹಾರ್ನ್ ಹೊಡೆದ. ಎದುರು ಮನೆಯ ಕಿಟಕಿಯಲ್ಲಿ ಯಾರೋ ನಕ್ಕಂತಾಯಿತು. ಮರ್ಯಾದೆ ಉಳಿಯಲೆಂದು, ಬಲಕ್ಕೆ ಹೋಗಬೇಕೆಂದೇ ಹೊರಟವರ ಹಾಗೆ ಟೀಸಿಯವರು ಬಲಕ್ಕೇ ತಿರುಗಿದರು.

ಆಮೇಲೆ ಅವರದ್ದೇನೂ ನಡೆಯಲಿಲ್ಲ. ಮೂಲೆಯ ಬೇಕರಿಯ ಮುಂದೆ ನಾಯಿ ತಾನಾಗಿ ನಿಂತಿತು. ಬೇಕರಿಯಾಕೆ ಒಂದು ತುಂಡು ರಸ್ಕು ಎಸೆದು, "ಇವತ್ತೇನು, ಇಬ್ಬರೂ ಕಾಣ್ತಿಲ್ಲ?" ಎಂದಳು.

ತಾಯಿ ಮಗಳ ವಿಷಯ ಕೇಳುತ್ತಿದ್ದಾಳೆಂದು ಟೀಸಿಯವರು, "ಒಬ್ಬರಿಗೆ ಕಾಲು ಮುರಿದಿದೆ, ಇನ್ನೊಬ್ಬರಿಗೆ ಮಂಡಿನೋವು" ಎಂದರು.

"ಅಯ್ಯೋ, ಆ ವಯಸ್ಸಿಗೇ ಅವರಿಗೆ ಮಂಡಿನೋವಾ" ಎಂದು ಬೇಕರಿಯಾಕೆ ಮರುಗಿದಳು.

ನಾಯಿ ಎರಡು ಬೀದಿ ದಾಟಿ, ಸೈಕಲ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲಿಗೆ ನುಗ್ಗಿತು. ಟೀಸಿಯವರು ಚೈನು ಬಿಡಲಾರದೆ ಹಿಂದೆಯೇ ಹತ್ತಿದರು. ಮೇಲಿನ ಬಾಗಿಲು ತೆರೆದೇ ಇತ್ತು. ನಾಯಿ ಅಪ್ಪನ ಮನೆಗೆ ಬಂದ ಹಾಗೆ ಒಳಗೆ ಹೋಗಿ, ಮೂಲೆಯಲ್ಲಿದ್ದ ಬಟ್ಟಲಿನಿಂದ ನೀರು ಕುಡಿದು, ತನಗೆಂದೇ ಹಾಸಿದ್ದ ಗೋಣಿಚೀಲದ ಮೇಲೆ ಮೂರು ಸುತ್ತು ಸುತ್ತಿ ಮಲಗಿತು.

ಕೋಣೆಯ ತುಂಬ ಕುರ್ಚಿಗಳಿದ್ದವು. ಕೆಲವಕ್ಕೆ ಬೆನ್ನಿಲ್ಲ, ಕೆಲವಕ್ಕೆ ಕೂರುವ ಜಾಗದಲ್ಲಿ ಬರೀ ತೂತು. ಒಂದು ಟಬ್ಬಿನ ನೀರಿನಲ್ಲಿ ಬೆತ್ತದ ಸೀಳುಗಳು ನೆನೆಯುತ್ತಿದ್ದವು. ನಲವತ್ತರ ಹತ್ತಿರದ ಒಬ್ಬ ಗಂಡಸು ಬಾಗಿಲಿಗೆ ಬೆನ್ನು ಹಾಕಿ, ತೊಡೆಯ ಮೇಲೆ ಕುರ್ಚಿಯೊಂದನ್ನು ಮಗುಚಿಕೊಂಡು ಹೆಣೆಯುತ್ತಿದ್ದ.

"ಬಂದ್ಯಾ ದೊರೆ? ಕುಂಟ್ಕೊಂಡೇ ಬಂದ್ಲಾ ನಿನ್ನ ಯಜಮಾನಿ, ಬೇಡ ಅಂದ್ರೂ?" ಎಂದು ತಿರುಗಿದವನು ಟೀಸಿಯವರನ್ನು ಕಂಡು ಎದ್ದುನಿಂತ. ಕುರ್ಚಿ ಧಡಕ್ಕನೆ ಬಿತ್ತು.

ಟೀಸಿಯವರ ಕಣ್ಣು ಆಗಲೇ ತಪಾಸಣೆ ಶುರುಮಾಡಿತ್ತು. ಮೊಳೆಗೆ ತೂಗಿದ್ದ ನೀಲಿ ಕೊಡೆ ಮಗಳದ್ದು, ಬಸ್ಸಿನಲ್ಲಿ ಕಳೆದುಹೋಯಿತು ಎಂದಿದ್ದಳು. ಅದರ ಪಕ್ಕ ಕಟ್ಟು ಹಾಕಿಸಿದ ಒಂದು ಫೋಟೋ. ಯಾವುದೋ ಕಚೇರಿಯ ಮೆಟ್ಟಿಲ ಮೇಲೆ ಮಗಳು, ಈ ಮನುಷ್ಯ, ನಡುವೆ ನಾಯಿ. ಹಿಂದೆ ನಗುತ್ತ ನಿಂತವಳು ಅವರ ಸ್ವಂತ ಹೆಂಡತಿ, ಕಿವಿಯಲ್ಲಿ ಮುತ್ತಿನ ಓಲೆ. ಆ ಓಲೆ ಹಾಕಿಕೊಂಡು ಅವಳು ಹಲ್ಲಿನ ಡಾಕ್ಟರ ಹತ್ತಿರ ಹೊರಟ ದಿನ ಟೀಸಿಯವರಿಗೆ ಚೆನ್ನಾಗಿ ನೆನಪಿತ್ತು. ಹಲ್ಲು ಕೀಳಿಸೋಕೆ ಮುತ್ತು ಯಾಕೆ ಎಂದು ಅವರೇ ಕೇಳಿದ್ದರು.

"ಎಷ್ಟು ದಿನ ಆಯ್ತು?" ಎಂದರು.

"ಎಂಟು ತಿಂಗಳು ಸಾರ್. ರಿಜಿಸ್ಟ್ರಾರ್ ಆಫೀಸಲ್ಲಿ."

"ಸರ್ಟಿಫಿಕೇಟ್ ತೋರಿಸು."

ಅವನು ಕೈ ಒರೆಸಿಕೊಂಡು, ಡಬ್ಬಿಯಿಂದ ಕಾಗದ ತೆಗೆದುಕೊಟ್ಟ. ಟೀಸಿಯವರು ಅದನ್ನು ಬೆಳಕಿಗೆ ಹಿಡಿದರು. ತಾರೀಕು ನೋಡಿದರು, ಮೊಹರು ನೋಡಿದರು, ಮೂರು ಸಾಕ್ಷಿಗಳಲ್ಲಿ ಮೊದಲನೆಯದು ಹೆಂಡತಿಯ ದುಂಡಗಿನ ಸಹಿ ಎಂಬುದನ್ನು ನೋಡಿದರು. ಒಂದೇ ಒಂದು ತಪ್ಪು ಸಿಕ್ಕಿದ್ದರೆ ಬಾಯಿ ತೆರೆಯಬಹುದಿತ್ತು. ಎಲ್ಲ ಸರಿಯಿತ್ತು. ಕಾಗದ ಮಡಚಿ ವಾಪಸ್ ಕೊಟ್ಟರು.

"ನನಗೆ ಯಾಕೆ ಹೇಳಲಿಲ್ಲ?"

ಬೆತ್ತದವನು ತಡವರಿಸಿದ. "ಎರಡು ವರ್ಷದ ಹಿಂದೆ ಅವಳ ಅಮ್ಮ ನಿಮ್ಮ ಕಿವಿಗೆ ಹಾಕಿದ್ರಂತೆ ಸಾರ್, ಹೀಗೊಬ್ಬ ಕುರ್ಚಿ ಹೆಣೆಯೋನು ಇದ್ದಾನೆ ಅಂತ. ನೀವು ಪೇಪರ್‌ನಿಂದ ತಲೆ ಎತ್ತದೆ, ಊರಿಗೆಲ್ಲ ಕೂರೋಕೆ ಜಾಗ ಮಾಡಿಕೊಡ್ತಾನೆ, ಅವನಿಗೆ ಕೂರೋಕೆ ಜಾಗ ಇದೆಯಾ ಕೇಳು ಅಂದ್ರಂತೆ."

"ನಾನಾ?"

"ಚೆನ್ನಾಗೇ ಹೇಳಿದ್ರಿ. ನನಗೂ ನಗು ಬಂತು. ಅವಳು ಮಾತ್ರ ನಗಲಿಲ್ಲ."

ಟೀಸಿಯವರಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಆಡಿದ್ದರೂ ಆಡಿರಬಹುದು, ತಮ್ಮ ಬಾಯಿ ತಮಗೆ ಗೊತ್ತಿಲ್ಲವೇ. ಹತ್ತಿರದ ಕುರ್ಚಿಯಲ್ಲಿ ಕೂತರು. ಕೂತ ಮೇಲೆ ಅದರ ಹೆಣಿಗೆಯನ್ನು ಬೆರಳಿನಿಂದ ಸವರಿದರು. ಮನೆಯಲ್ಲಿ ಅವರು ದಿನಾ ಕೂರುವ ಬೆತ್ತದ ಕುರ್ಚಿಯದ್ದೂ ಇದೇ ಆರು ಎಳೆಯ ಹೆಣಿಗೆ. ಅದನ್ನು ರಿಪೇರಿಗೆ ತಂದಿದ್ದೇ ಮಗಳು.

"ನಮ್ಮ ಮನೆ ಕುರ್ಚಿ?"

"ನಾನೇ ಸಾರ್. ಅಲ್ಲಿಂದಲೇ ಶುರುವಾಗಿದ್ದು."

ಅವನು ಟೀ ಮಾಡಿಕೊಟ್ಟ. ಟೀಸಿಯವರು ಕೋಪ ಬರಲಿ ಎಂದು ಕಾದರು. ಬಂದಿತು, ಆದರೆ ಇವನ ಮೇಲಲ್ಲ. ಮನೆಯಲ್ಲಿ ಇಬ್ಬರು ಹೆಂಗಸರು, ಬೀದಿಯಲ್ಲಿ ಬೇಕರಿಯಾಕೆ, ಕಾಲಡಿಯಲ್ಲಿ ಮಲಗಿದ ಈ ನಾಲ್ಕು ಕಾಲಿನ ಪ್ರಾಣಿ, ಎಲ್ಲರಿಗೂ ಗೊತ್ತಿದ್ದದ್ದು ತಮಗೊಬ್ಬರಿಗೆ ಗೊತ್ತಿರಲಿಲ್ಲ. ಈಗ ಮನೆಗೆ ಹೋಗಿ ಗುಡುಗಿದರೆ, ಎಂಟು ತಿಂಗಳು ಪೆದ್ದನಾಗಿದ್ದೆ ಎಂದು ತಾವೇ ಡಂಗುರ ಹೊಡೆದಂತೆ. ಟೀ ಮುಗಿಸುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದರು.

"ನಾನು ಇಲ್ಲಿಗೆ ಬಂದಿದ್ದು ಅವರಿಬ್ಬರಿಗೂ ಗೊತ್ತಾಗಬಾರದು."

"ಸಾರ್, ಅವಳ ಹತ್ತಿರ ನಾನು ಸುಳ್ಳು..."

"ಎಂಟು ತಿಂಗಳು ನನಗೆ ಹೇಳಿದೀಯಲ್ಲ. ಆರು ವಾರ ಅವಳಿಗೆ ಹೇಳು."

ಮನೆಗೆ ಬಂದಾಗ ಮಗಳು ಹಾಸಿಗೆಯಿಂದಲೇ, "ಎಲ್ಲಿ ತನಕ ಹೋಗಿದ್ದೆ ಅಪ್ಪ?" ಎಂದಳು. "ಟ್ಯಾಂಕ್ ತನಕ" ಎಂದರು ಟೀಸಿಯವರು. ಕಿವಿ ಬಿಸಿಯಾದದ್ದು ತಿಳಿದು, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದರು.

ಎರಡನೇ ದಿನ ಸುಳ್ಳು ಸಲೀಸಾಯಿತು. ಒಂದು ವಾರದಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದವು. ಟ್ಯಾಂಕಿನ ಹತ್ತಿರ ಹಳೆಯ ಸಹೋದ್ಯೋಗಿಯೊಬ್ಬರು ಸಿಗುತ್ತಾರೆ, ಪಾಪ ಹೆಂಡತಿ ತೀರಿಕೊಂಡಿದ್ದಾಳೆ, ಮಾತಾಡದೆ ಬಿಡುವುದಿಲ್ಲ, ಅದಕ್ಕೇ ತಡ. ಇಲ್ಲದ ಆ ಮನುಷ್ಯನಿಗೆ ಟೀಸಿಯವರ ಹೆಂಡತಿ ಒಂದು ದಿನ ಮನೆಯಲ್ಲಿ ಮಾಡಿದ ತಿಂಡಿಯನ್ನು ಡಬ್ಬಿಗೆ ಹಾಕಿ ಕಳಿಸಿದರು. ಅಳಿಯ ಅದನ್ನು ಮೆಚ್ಚಿಕೊಂಡು ತಿಂದ.

ಅಳಿಯ ಎಂದು ಟೀಸಿಯವರು ಬಾಯಿಬಿಟ್ಟು ಕರೆದಿರಲಿಲ್ಲ. ಆದರೆ ಬೆಳಿಗ್ಗೆಯ ಅರ್ಧ ಗಂಟೆ ಎರಡು ಗಂಟೆಯಾಗಿತ್ತು. ಬೆತ್ತ ಎಷ್ಟು ಹೊತ್ತು ನೆನೆಯಬೇಕು, ಎಳೆಯನ್ನು ಯಾವಾಗ ಬಿಗಿಯಬೇಕು, ಯಾವಾಗ ಸಡಿಲಬಿಡಬೇಕು ಎಂದು ಕಲಿತರು. ಬೆರಳ ತುದಿಗಳು ಸೀಳಿದವು. "ಚೈನು ಕುಯ್ಯುತ್ತೆ" ಎಂದು ಹೆಂಡತಿಗೆ ಹೇಳಿದರು. ಮೂರನೆಯ ವಾರ ಅವರು ಸ್ವಂತ ಹೆಣೆದ ಸ್ಟೂಲಿನ ಮೇಲೆ ಕೂತಾಗ ಅದು ಒಂದು ಕಡೆಗೆ ವಾಲಿತು. "ಮೊದಲನೆಯದು ಹಾಗೇ ಮಾವ" ಎಂದ ಅವನು, ತಾನೇನೆಂದೆ ಎಂದು ಗಮನಿಸದೆ. ಟೀಸಿಯವರೂ ಕೇಳಿಸದವರಂತೆ ಗಂಟು ಬಿಚ್ಚುತ್ತ ಕೂತರು.

ಪ್ಲಾಸ್ಟರ್ ಬಿಚ್ಚಿದ ಸಂಜೆ ಮಗಳು ಮೊಳೆಗೆ ಕೈ ಹಾಕಿದರೆ ಚೈನಿಲ್ಲ. ಅದು ಟೀಸಿಯವರ ಜೇಬಿನಲ್ಲಿತ್ತು.

"ಕೊಡಪ್ಪ, ಇಷ್ಟು ದಿನ ನಿನಗೆ ತೊಂದರೆ ಆಯ್ತು."

"ತೊಂದರೆ ಏನು ಬಂತು. ನಡೆಯೋದು ನನ್ನ ಮೈಗೆ ಒಗ್ಗಿದೆ."

"ನಾಯಿ ನನ್ನದು."

"ಹೆಸರಿಟ್ಟಿದ್ದು ನಾನು."

ಹೆಂಡತಿ ನಡುವೆ ಬಂದು ಬೆಳಿಗ್ಗೆ ಅಪ್ಪನಿಗೆ, ಸಂಜೆ ಮಗಳಿಗೆ ಎಂದು ಪಾಲು ಮಾಡಿದರು. ಉಳಿದದ್ದು ಭಾನುವಾರ. ಅದನ್ನು ಇಬ್ಬರೂ ಬಿಟ್ಟುಕೊಡಲಿಲ್ಲ. ಮಾತಿಗೆ ಮಾತು ಬೆಳೆದು, ಕೊನೆಗೆ ಹೆಂಡತಿ ಚೈನನ್ನೇ ಕಪಾಟಿನಲ್ಲಿಟ್ಟು ಬೀಗ ಹಾಕಿದರು. "ಭಾನುವಾರ ನಾಯಿಗೂ ರಜೆ. ಯಾರೂ ಎಲ್ಲಿಗೂ ಹೋಗೋದು ಬೇಡ."

ಆ ಭಾನುವಾರ ತಂದೆ ಒಂದು ಕೋಣೆಯಲ್ಲಿ, ಮಗಳು ಇನ್ನೊಂದು ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂತರು. ನಾಯಿ ಬಾಗಿಲು ಕೆರೆಯಿತು. ಹನ್ನೊಂದೂವರೆಗೆ ಬಾಗಿಲ ಕರೆಗಂಟೆ ಕೇಳಿಸಿತು. ಹೆಂಡತಿ ಬಾಗಿಲು ತೆಗೆದರೆ ಬೆತ್ತದವನು ನಿಂತಿದ್ದ. ಬೆಳಿಗ್ಗೆ ಮಾವ ಬರಲಿಲ್ಲ, ಹತ್ತಕ್ಕೆ ತನ್ನ ಹೆಂಡತಿ ಬರಲಿಲ್ಲ, ನಾಯಿಯೂ ಬರಲಿಲ್ಲ. ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡು ಓಡಿಬಂದಿದ್ದ. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು.

ತಂದೆ ಮಗಳು ಇಬ್ಬರೂ ಹೊರಗೆ ಬಂದರು.

"ಯಾರಪ್ಪಾ ನೀವು?" ಎಂದರು ಟೀಸಿಯವರು.

"ಅಪ್ಪ, ಇವರು ಕುರ್ಚಿ ರಿಪೇರಿಯವರು" ಎಂದಳು ಮಗಳು.

"ಹೌದಾ, ಬನ್ನಿ ಬನ್ನಿ" ಎಂದರು ಹೆಂಡತಿ, ಮೊದಲ ಸಲ ಕಂಡವರ ಹಾಗೆ.

ನಾಯಿಗೆ ಈ ನಾಟಕ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಅವನ ಎದೆಯವರೆಗೂ ನೆಗೆದು, ಕತ್ತು ನೆಕ್ಕಿ, ಅವನ ಪಾದಗಳ ಮೇಲೆ ಉರುಳಾಡಿತು. ಬೆತ್ತದವನು ತನ್ನ ಹೆಂಡತಿಯನ್ನು ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ದಾರಿ ಕಾಣದೆ, "ನೀವಾದ್ರೂ ಹೇಳಿ ಮಾವ" ಎಂದುಬಿಟ್ಟ.

"ಮಾವ?" ಎಂದಳು ಮಗಳು.

ಟೀಸಿಯವರು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದರು. ಹೆಂಡತಿಯ ಕಣ್ಣು ಗಂಡನ ಸೀಳಿದ ಬೆರಳುಗಳ ಮೇಲೆ ಬಿತ್ತು, ಅಳಿಯನ ಬೆರಳುಗಳ ಮೇಲೆ ಬಿತ್ತು. "ರೀ, ಹಾಗಾದ್ರೆ ಹೆಂಡತಿ ಸತ್ತ ಆ ಸಹೋದ್ಯೋಗಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೆರಗು ಬಾಯಿಗೊತ್ತಿಕೊಂಡು ನಗಲು ಶುರುಮಾಡಿದರು.

ಮಗಳು ನಗಲಿಲ್ಲ. "ಆರು ವಾರ ನಾನಿಲ್ಲಿ ಕಾಲು ಕಟ್ಟಿಸಿಕೊಂಡು ಸೂರು ನೋಡ್ಕೊಂಡು ಮಲಗಿದ್ದೀನಿ. ನೀನು ದಿನಾ ಅಲ್ಲಿ ಹೋಗಿ ಕೂತಿದ್ಯಾ? ನೀವಿಬ್ಬರೂ ಸೇರಿ ನನಗೆ ಸುಳ್ಳು ಹೇಳಿದ್ರಾ?"

"ಎಂಟು ತಿಂಗಳು ನೀವು..." ಎಂದು ಟೀಸಿಯವರು ಶುರುಮಾಡಿ, ಅವಳ ಕಣ್ಣಲ್ಲಿ ನೀರು ಕಂಡು ನಿಲ್ಲಿಸಿದರು. ಸ್ವಲ್ಪ ಹೊತ್ತು ನಾಯಿಯ ತಲೆ ಸವರಿದರು. "ಆವತ್ತು ಪೇಪರ್ ಓದ್ತಾ ಒಂದು ಮಾತು ಆಡಿದ್ನಂತೆ. ನನಗೆ ನೆನಪಿಲ್ಲ. ಆದ್ರೂ ಆಡಬಾರದಿತ್ತು ಮಗಳೇ."

ಅವಳು ಒಳಗೆ ಹೋದಳು. ಹೆಂಡತಿ ಅಳಿಯನನ್ನು ಊಟಕ್ಕೆ ಉಳಿಸಿಕೊಂಡರು. ಮಗಳೂ ಊಟಕ್ಕೆ ಬಂದಳು, ಆದರೆ ತಂದೆಯ ಜೊತೆಗೂ ಗಂಡನ ಜೊತೆಗೂ ಮಾತಿಲ್ಲ. ಉಪ್ಪು ಬೇಕಾದರೆ, "ಅಮ್ಮ, ಅವರಿಗೆ ಹೇಳು" ಎನ್ನುತ್ತಿದ್ದಳು. ಅವರು ಎಂದರೆ ಯಾರು ಎಂದು ತಿಳಿಯದೆ ಮಾವ ಅಳಿಯ ಇಬ್ಬರೂ ಒಟ್ಟಿಗೆ ಕೈ ಚಾಚುತ್ತಿದ್ದರು.

ಈ ಮೌನ ಗುರುವಾರದ ತನಕ ನಡೆಯಿತು. ಗುರುವಾರ ಬೆಳಿಗ್ಗೆ ಅವಳು ತನ್ನ ಬಟ್ಟೆಗಳನ್ನು ಎರಡು ಪೆಟ್ಟಿಗೆಗೆ ತುಂಬಿ ನಡುಮನೆಗೆ ತಂದಿಟ್ಟಳು. ಚಪ್ಪಲಿ ಹಾಕಿಕೊಂಡಳು. ಆಮೇಲೆ ತಂದೆಯ ಕೋಣೆಯ ಬಾಗಿಲಲ್ಲಿ ನಿಂತು, "ಸೈಕಲ್ ಅಂಗಡಿ ಮೆಟ್ಟಿಲು ಹತ್ತೋಕೆ ಕಾಲು ಇನ್ನೂ ನೋಯುತ್ತೆ. ದೊಡ್ಡ ಪೆಟ್ಟಿಗೆ ನೀನು ಹಿಡ್ಕೋ" ಎಂದಳು.

ಟೀಸಿಯವರು ಓದುತ್ತಿದ್ದ ಪತ್ರಿಕೆಯನ್ನು ಅರ್ಧಕ್ಕೇ ಮಡಚಿಟ್ಟು ಎದ್ದರು.