ಬೆಟ್ಟಕ್ಕೆ ಅಳತೆ ತೆಗೆದ ಟೈಲರು

ಕೋಟು ಟೈಲರು ಒಮ್ಮೆ ಬೆಟ್ಟಕ್ಕೇ ಅಳತೆ ತೆಗೆದಿದ್ದರು. ದೂರದಲ್ಲಿ ನಿಂತು ಕಣ್ಣಂದಾಜಿನಲ್ಲಿ ಅಲ್ಲ; ಮೇಲೆ ಹತ್ತಿ, ಟೇಪು ಹಿಡಿದು, ಭುಜ, ಎದೆ, ಸೊಂಟ ಎಂದು ಕ್ರಮವಾಗಿ. ಎದೆಯ ಸುತ್ತಳತೆಗೆ ಟೇಪು ಸಾಲದೆ ಹೋದಾಗ, ಪಕ್ಕದಲ್ಲೇ ಹಾದುಹೋಗುತ್ತಿದ್ದ ಒಂದು ಮೋಡವನ್ನು ಹಿಡಿದು ಟೇಪಿನ ತುದಿಗೆ ಗಂಟು ಹಾಕಿಕೊಂಡರು. ನಂಬದವರು ಅಂಗಡಿಗೆ ಹೋಗಿ ನೋಡಬಹುದು. ಟೇಪಿನ ಒಂದು ತುದಿಯಲ್ಲಿ ಇವತ್ತಿಗೂ ಮೋಡದ ಕಲೆಯಿದೆ.

ಇಷ್ಟು ದೊಡ್ಡ ಮನುಷ್ಯನ ಅಂಗಡಿ ಅಷ್ಟು ಚಿಕ್ಕದೇಕೆ ಎಂದು ಮಾತ್ರ ಕೇಳಬಾರದು. ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ನಿಲುವುಗನ್ನಡಿ ಇಟ್ಟರೆ ಜಾಗ ಮುಗಿಯಿತು. ಅಳತೆಗೆಂದು ಗಿರಾಕಿ ತೋಳು ಚಾಚಿದರೆ ಒಂದು ಕೈ ರಸ್ತೆಯಲ್ಲಿರುತ್ತಿತ್ತು. ಅಂಥ ಅಂಗಡಿಯಲ್ಲಿ ಈಗ ನೀಲಿ ನೈಲಾನು ಬಟ್ಟೆ ಪ್ರವಾಹದ ಹಾಗೆ ತುಂಬಿಕೊಂಡಿತ್ತು. ಟೈಲರು ಗುಡಾರ ಹೊಲಿಯುತ್ತಿದ್ದರು.

ಮನೆಮಂದಿಯೆಲ್ಲ ಬೆಟ್ಟಕ್ಕೆ ಹೊರಟಿದ್ದರು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳಿಗೆ ಅಂತೂ ರಜೆ ಸಿಕ್ಕಿತ್ತು. ಕಾಡು ಮುಗಿದು, ಮರಗಳೂ ಇನ್ನು ಹತ್ತಲಾರೆವೆಂದು ಕೈಚೆಲ್ಲಿ ನಿಂತ ಮೇಲೆ, ಬರೀ ಹುಲ್ಲು ಕಲ್ಲುಗಳ ನಡುವೆ ಒಂದು ಸರೋವರವಿದೆ. ಅಲ್ಲಿ ಗುಡಾರ ಹಾಕುವುದೆಂದು ಅವಳ ಯೋಜನೆ. ಜಾಗ ಸರ್ಕಾರದ್ದು, ಯಾರಪ್ಪನ ಆಸ್ತಿಯೂ ಅಲ್ಲ, ಹಾಗಾಗಿ ಎಲ್ಲರಪ್ಪನ ಆಸ್ತಿ. ಅರಣ್ಯ ಇಲಾಖೆಯ ಅನುಮತಿ ಪಡೆದು ಯಾರು ಬೇಕಾದರೂ ಹೋಗಬಹುದು. ಸೌದೆ ಉರಿಸಬಾರದು, ನೀರಿಗೆ ಒತ್ತಿಕೊಂಡು ಗುಡಾರ ಹಾಕಬಾರದು, ಒಯ್ದದ್ದರ ಕಸವನ್ನು ಮರಳಿ ಹೊತ್ತು ತರಬೇಕು, ಅಷ್ಟೆ.

ಯೋಜನೆ ಮಗಳದಾದರೂ ಆಸೆ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ಟೈಲರು ಅವಳಿಗೆ ಆ ಸರೋವರದ ಕಥೆ ಹೇಳಿದ್ದರು. ಅಲ್ಲಿ ನಕ್ಷತ್ರಗಳು ಕೈಗೆಟಕುವಷ್ಟು ಕೆಳಗಿರುತ್ತವೆ, ಒಂದಕ್ಕೆ ಕೋಟು ನೇತುಹಾಕಿ ಮಲಗಿದ್ದೆ ಎಂದಿದ್ದರು. ಅಂದಿನಿಂದ ಅವಳು ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, "ಯಾವತ್ತಾದ್ರೂ ಒಂದಿನ ನೋಡ್ಬೇಕು ಕಣ್ರೀ" ಎನ್ನುತ್ತಲೇ ಬಂದಿದ್ದಳು. ಮನೆಯಲ್ಲಿ ಬೆಟ್ಟ ಕಂಡವರು ಟೈಲರೊಬ್ಬರೇ ಆದ್ದರಿಂದ ಮುಂದಾಳುತನವೂ ತಾನಾಗಿ ಅವರ ಹೆಗಲೇರಿತ್ತು. ಆ ಹೆಗಲೋ, ಗುಡಾರದ ಬಟ್ಟೆ ತಂದ ದಿನದಿಂದ ಎರಡಂಗುಲ ಅಗಲವಾಗಿತ್ತು.

ಊಟದ ಮೇಜಿನ ಸುತ್ತ ಸಭೆ ಸೇರಿತು. ಹೆಂಡತಿಯ ತಮ್ಮನೂ ಬಂದ. ಕುಕ್ಕರು, ಸ್ಟೌವು ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ವಿಷಲ್ ಎಂದೇ ಕರೆಯುತ್ತಿದ್ದರು. ಬಾಯಿ ತೆರೆದರೆ ಅವನದೂ ಅದೇ ಸದ್ದು.

"ಭಾವ, ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತಂತೆ, ಬೇಳೆ ಮಾತ್ರ ಬೇಯಲ್ವಂತೆ. ನೀವು ಹೋದಾಗ ಏನ್ ತಿಂದ್ರಿ?"

"ಹಸಿವೇ ಆಗ್ಲಿಲ್ಲ ಕಣೋ. ಅಲ್ಲಿನ ಗಾಳೀನೇ ಅಷ್ಟು ರುಚಿ."

"ಹಾಗಾದ್ರೆ ನಿಮ್ಮ ತಟ್ಟೆಗೆ ಗಾಳಿ ಬಡಿಸ್ತೀನಿ ಬಿಡಿ. ನಮಗೆ ಕುಕ್ಕರ್ ಹೊತ್ಕೊಂಡು ಬರ್ತೀನಿ."

ಮಗಳು ನಗಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. "ಅಪ್ಪ, ಸರಿಯಾಗಿ ಕೇಳಿಸ್ಕೊ. ಮೇಲೆ ಗಾಳಿ ತೆಳು. ಮೈ ಒಗ್ಗಬೇಕು ಅಂದ್ರೆ ಬಸ್ಸು ನಮ್ಮನ್ನ ಇಳಿಸೋ ಊರಲ್ಲಿ ತಂಗಿ, ಆಮೇಲೆ ನಡುವೆ ಹುಲ್ಲುಗಾವಲಲ್ಲಿ ತಂಗಿ, ನಿಧಾನಕ್ಕೆ ಹತ್ತಬೇಕು ಅಂತಾರೆ. ಹಾಗೆ ಮಾಡಿದ್ರೆ ಸರೋವರದ ಹತ್ರ ಒಂದೇ ರಾತ್ರಿ ಸಿಗೋದು. ನೇರವಾಗಿ ಹತ್ತಿಬಿಟ್ರೆ ಅಮ್ಮ ಅಲ್ಲಿ ಇನ್ನೂ ಒಂದೆರಡು ದಿನ ಆರಾಮಾಗಿ ಇರಬಹುದು. ಹೋಗಿ ಬಂದವನು ನೀನು. ನೀನೇ ಹೇಳು."

"ಹುಲ್ಲುಗಾವಲಲ್ಲಿ ಏನಿದೆ? ಹುಲ್ಲು!" ಎಂದರು ಟೈಲರು. "ಬಸ್ಸಿಳಿದವನು ನಾನು ಹಿಂದೆ ತಿರುಗಿ ನೋಡ್ಲಿಲ್ಲ. ನಾನು ಹತ್ತೋ ಸ್ಪೀಡಿಗೆ ಬೆಟ್ಟದ ಮೇಕೆಗಳೇ ದಾರಿ ಬಿಟ್ಟು ನಿಂತು ನೋಡ್ತಿದ್ವು."

"ಆಶ್ಚರ್ಯಕ್ಕೆ ನೋಡಿದ್ವೋ, ನೆಂಟ ಬಂದ ಅಂತ ನೋಡಿದ್ವೋ?" ಎಂದ ವಿಷಲ್.

"ನೀನು ಸುಮ್ನಿರೋ," ಎಂದಳು ಹೆಂಡತಿ. "ನನಗಂತೂ ನಮ್ಮ ಮಹಡಿ ಹತ್ತಿದ್ರೇ ಏದುಸಿರು. ಆದ್ರೂ ಇವರು ಏನೂ ಆಗಲ್ಲ ಅಂದ್ಮೇಲೆ ಆಗಲ್ಲ. ನೇರವಾಗೇ ಹೋಗೋಣ."

ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಯನ್ನು ನುಂಗಿಕೊಂಡವರ ಹಾಗಾಯಿತು ಟೈಲರಿಗೆ. ನುಂಗಿದ್ದನ್ನು ಉಗುಳಲು ಅದೇ ಸರಿಯಾದ ಹೊತ್ತಾಗಿತ್ತು. ಆದರೆ ಹೆಂಡತಿ ನೋಡುತ್ತಿದ್ದಳು, ಅದೂ ಮದುವೆಯ ಹೊಸದರ ಕಣ್ಣಿನಿಂದ. ಅವರು ಕೆಮ್ಮಿ, ನೀರು ಕುಡಿದು, ಅದನ್ನು ಒಳಗೇ ಇಳಿಸಿಕೊಂಡರು. ಭಾನುವಾರ ಗುಡಾರವನ್ನು ತಾರಸಿಯ ಮೇಲೆ ಹಾಕಿ ನೋಡುವುದು, ಆಮೇಲೆ ಬಸ್ಸಿನ ಟಿಕೆಟ್ಟು ತೆಗೆಸುವುದು ಎಂದು ತೀರ್ಮಾನವಾಯಿತು.

ಮಾತು ಜೊಳ್ಳಾಗಿದ್ದರೂ ಹೊಲಿಗೆ ಮಾತ್ರ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಅಂಚನ್ನು ಅಂಚಿನೊಳಗೆ ಮಡಚಿ ಜೋಡಿ ಹೊಲಿಗೆ ಹಾಕಿ, ಸೂಜಿ ತೂರಿದ ಒಂದೊಂದು ತೂತಿಗೂ ಮೇಣ ತಿಕ್ಕಿದರು. ಒಳಗೆ ಅಸ್ತರು ಕೊಟ್ಟರು, ಟಾರ್ಚಿಗೊಂದು ಕನ್ನಡಕಕ್ಕೊಂದು ಜೇಬು ಇಟ್ಟರು. ಮಳೆ ನೀರು ಜಾರಲೆಂದು ಬಾಗಿಲ ಮೇಲೆ ಕಾಲರನ್ನೇ ಕೂರಿಸಿದರು. ಜಿಪ್ಪು ಹಾಕು ಎಂದ ಮಗಳಿಗೆ ಅವರ ಉತ್ತರ ಸಿದ್ಧವಾಗಿತ್ತು: "ಚಳಿಗೆ ಹಲ್ಲು ಕಚ್ಕೊಂಡು ನಿಂತುಬಿಡೋದು ಎರಡೇ, ಮನುಷ್ಯ ಮತ್ತೆ ಜಿಪ್ಪು. ಗುಂಡಿ ಹಾಗಲ್ಲ, ಪ್ರಾಣ ಹೋದ್ರೂ ಕೈ ಬಿಡಲ್ಲ." ಒಂದು ಪಟ್ಟಿಯ ಮೇಲೆ ಇನ್ನೊಂದು ಪಟ್ಟಿ ಬರುವ ಹಾಗೆ, ಮೇಲಿನಿಂದ ಕೆಳಗಿನವರೆಗೆ ಕಾಜಾ ಮಾಡಿ ಗುಂಡಿ ಕೂರಿಸಿದರು. ಗಾಳಿ ಒಳಗೆ ಬರಬೇಕೆಂದರೆ ಗುಮಾಸ್ತನ ಕೈಗೆ ಚೀಟಿ ಕೊಟ್ಟು ಕಾಯಬೇಕು, ಅಂಥ ಬಿಗಿ.

ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ಗುಡಾರ ಎದ್ದಿತು. ಹಗ್ಗದ ಒಂದು ತುದಿ ನೀರಿನ ಟ್ಯಾಂಕಿನ ಕೊಳವೆಗೆ, ಇನ್ನೊಂದು ಬಟ್ಟೆ ಒಣಹಾಕುವ ಕಂಬಕ್ಕೆ. ನೆರೆಮನೆಗಳ ಕಿಟಕಿಗಳಲ್ಲಿ ತಲೆ ತುಂಬಿದವು. ಟೈಲರನ್ನು ಕೇಳಿದರೆ ಇಡೀ ನಗರವೇ ನೆರೆದಿತ್ತು. ವಿಷಲ್ ಬಕೆಟ್ಟಿನ ಮೇಲೆ ಬಕೆಟ್ಟು ನೀರು ಸುರಿದ. ಸೇಡು ತೀರಿಸಿಕೊಳ್ಳುವವನಂತೆ ಸುರಿದ. ಹೆಂಡತಿ ಒಳಗೆ ಹೋಗಿ ಅಂಗೈಯಿಂದ ನಾಲ್ಕೂ ಮೂಲೆ ಸವರಿ, ಒದ್ದೆಯಾಗದ ಕೈಯನ್ನು ಹೊರಗೆ ಚಾಚಿ ತೋರಿಸಿದಳು.

"ಒಂದು ಹನಿ ಇಲ್ಲ! ನೋಡಿದ್ಯೇನೋ ನಮ್ಮವರ ಕೆಲಸ?" ಎಂದು ಅವಳು ತಮ್ಮನಿಗೆ ಹೇಳಿದ್ದು ಮೂರನೆಯ ಬೀದಿಗೂ ಕೇಳಿಸಿತು. ಟೈಲರ ಅಂಗಿಯ ಗುಂಡಿಗಳು ಎದೆಯ ಮೇಲೆ ಕಿರುಗುಟ್ಟಿದವು.

"ಎಲ್ಲ ಒಳಗೆ ಹೋಗಿ," ಎಂದರು. ಮೂವರೂ ಒಳಗಾದರು. ಟೈಲರು ಹೊರಗೆ ನಿಂತು, ಮದುಮಗನಿಗೆ ಕೋಟು ತೊಡಿಸುವ ಗತ್ತಿನಲ್ಲಿ ಒಂದೊಂದೇ ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು. "ಹೇಗಿದೆ ಫಿಟ್ಟಿಂಗು?"

"ಚೆನ್ನಾಗಿದೆ ಅಪ್ಪ. ಈಗ ನೀನೂ ಒಳಗೆ ಬಾ."

ಟೈಲರು ಗುಂಡಿ ಬಿಚ್ಚಿ ಒಳಗೆ ಬಂದರು. ತಿರುಗಿ ಬಾಗಿಲಿಗೆ ಕೈ ಹಾಕಿದರು. ಗುಂಡಿಗಳು ಹೊರಗಿದ್ದವು. ಸಂದಿಯಿಂದ ಮೊಣಕೈ ತೂರಿಸಿ ತಡಕಾಡಿದರು. ಕೈ ಹೊರಗಿದ್ದರೆ ಬಾಗಿಲು ಮುಚ್ಚದು. ಬಾಗಿಲು ಮುಚ್ಚಿದರೆ ಕೈ ಒಳಗೆ ಬಾರದು. ಕೂತು ನೋಡಿದರು, ಮಲಗಿ ನೋಡಿದರು. ಬದುಕಿಡೀ ಅವರು ಹೊಲಿದದ್ದು ಕೋಟು. ಕೋಟಿನೊಳಗಿರುವವನ ಕೈ ತೋಳಿನಿಂದ ಹೊರಗೆ ಬಂದಿರುತ್ತದೆ, ಅವನ ಗುಂಡಿ ಅವನೇ ಹಾಕಿಕೊಳ್ಳುತ್ತಾನೆ. ಗುಡಾರಕ್ಕೆ ತೋಳಿಲ್ಲ.

"ಭಾವ, ಎರಡು ತೋಳೂ ಹೊಲಿದುಬಿಡಿ," ಎಂದ ವಿಷಲ್, ನಗು ತಡೆಯಲಾರದೆ ಅಸ್ತರಿಗೆ ಮುಖ ಒತ್ತಿಕೊಂಡು.

ಮಗಳು ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು. "ಅಪ್ಪ, ಮೇಲೆ ನೀನು ಮಲಗಿದ್ಯಲ್ಲ, ಆ ಗುಡಾರದ ಬಾಗಿಲು ಯಾರು ಹಾಕಿದ್ರು?"

"ಗಾಳಿ," ಎಂದರು ಟೈಲರು. "ಅಲ್ಲಿ ಗಾಳೀನೇ ಬಂದು..."

"ಅಪ್ಪಾ. ಒಂದೇ ಒಂದು ರಾತ್ರಿ ಗುಡಾರದಲ್ಲಿ ಮಲಗಿದ್ರೂ ಬಾಗಿಲು ಒಳಗಿಂದ ಹಾಕೋದು ಅಂತ ಗೊತ್ತಿರುತ್ತೆ. ಈಗ ನಾನು ಟಿಕೆಟ್ಟು ತೆಗೀಬೇಕು. ಅಮ್ಮನ್ನ ನೇರವಾಗಿ ಹತ್ತಿಸ್ಲಾ, ಬೇಡ್ವಾ?"

ನೀಲಿ ಬೆಳಕಿನಲ್ಲಿ ಹೆಂಡತಿ ಮಂಡಿ ಮಡಚಿ ಕೂತಿದ್ದಳು. ಮಹಡಿ ಹತ್ತಿ ಬಂದ ಏದುಸಿರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಟೈಲರು ಆ ಉಸಿರನ್ನು ಕೇಳಿಸಿಕೊಂಡರು. ನುಂಗಿದ್ದ ಸೂಜಿ ಹೊರಗೆ ಬಂತು.

"ಬೇಡಮ್ಮ. ನಾನು ಮೇಲಕ್ಕೆ ಹೋಗೇ ಇಲ್ಲ."

ವಿಷಲ್‌ನ ನಗು ನಿಂತುಹೋಯಿತು.

"ಬಸ್ಸು ಇಳಿಸೋ ಊರಿಗೆ ಹೋಗಿದ್ದು ನಿಜ. ಬಯಲಿಂದ ಒಂದೇ ಉಸಿರಿಗೆ ಹೋಗಿ ಇಳಿದ್ವಿ. ಇಳಿದವನಿಗೆ ತಲೆ ಸಿಡಿದು ಎರಡು ಹೋಳು. ವಾಂತಿ ಬೇರೆ. ಗೆಳೆಯರು ನಿಧಾನಕ್ಕೆ ತಂಗಿ ತಂಗಿ ಹತ್ತಿದ್ರು, ನಾನು ಅವರು ಬರೋವರೆಗೂ ಟೀ ಅಂಗಡಿ ಬೆಂಚಿನ ಮೇಲೆ ಬಿದ್ದಿದ್ದೆ. ಒಬ್ಬನ ಹತ್ರ ಬೆಚ್ಚಗಿನ ಬಟ್ಟೆ ಇರ್ಲಿಲ್ಲ, ನನ್ನ ಕೋಟು ಬಿಚ್ಚಿ ಕೊಟ್ಟಿದ್ದೆ. ಅವನು ಬಂದು ಹೇಳಿದ್ದನ್ನೇ ನಾನು..."

"ಅಂದ್ರೆ ಬೆಟ್ಟ ಹತ್ತಿದ್ದು ಕೋಟು," ಎಂದ ವಿಷಲ್, ಮೆಲ್ಲಗೆ.

"ಕೋಟು."

ಹೆಂಡತಿ ಮಡಚಿದ ಮಂಡಿ ಬಿಡಿಸಿ ಗಂಡನ ಕಡೆ ತಿರುಗಿದಳು. ಆಮೇಲೆ ಕೇಳಿದಳು, "ನಕ್ಷತ್ರಕ್ಕೆ ನೇತುಹಾಕಿದ್ದು?"

"ಗುಡಾರದ ಕೋಲಿಗೆ ನೇತುಹಾಕಿದ್ನಂತೆ."

"ಆ ಕೋಟು ಹೊಲಿದಿದ್ದಾದ್ರೂ ನೀವೇನಾ?"

"ಅದು ನಾನೇ!" ಟೈಲರ ತಲೆ ತಾನಾಗಿ ಮೇಲೆದ್ದಿತು. "ಕಲಿತು ಹೊಲಿದ ಮೊದಲನೇ ಕೋಟು. ಮೇಲೆ ಎಲ್ಲರ ಹಲ್ಲೂ ಕಟಕಟ ಅಂತಿದ್ವಂತೆ, ಅವನದೊಂದು ಬಿಟ್ಟು. ವಾಪಸ್ ಬಂದಾಗ ನೋಡ್ದೆ, ಒಂದು ಗುಂಡಿ ಸಡಿಲ ಆಗಿರ್ಲಿಲ್ಲ. ಇದಕ್ಕೆ ಸಾಕ್ಷಿ ಬೇಕಾದ್ರೆ ಕೊಡ್ತೀನಿ."

"ಬೇಡ, ಇದು ನಂಬ್ತೀನಿ," ಎಂದಳು ಅವಳು, ಗುಡಾರದ ಹೊಲಿಗೆಯ ಮೇಲೆ ಬೆರಳಾಡಿಸುತ್ತ. "ಹುಲ್ಲುಗಾವಲಲ್ಲಿ ತಂಗಿಕೊಂಡೇ ಹೋಗೋಣ. ಒಂದೇ ರಾತ್ರಿ ಸಿಕ್ಕಿದ್ರೂ ಸಾಕು. ಇಬ್ಬರೂ ಮೊದಲನೇ ಸಲ ನೋಡಿದ ಹಾಗಾಯ್ತು. ಅಷ್ಟರಲ್ಲಿ ಗುಂಡಿ ಒಳಗಡೆ ಬರ್ಲಿ."

"ಇವತ್ತೇ ಕೂರಿಸ್ತೀನಿ," ಎಂದರು ಟೈಲರು.

ಮಗಳು ಟಿಕೆಟ್ಟಿಗೆಂದು ಎದ್ದವಳು ಬಾಗಿಲಲ್ಲಿ ಬಗ್ಗಿ ನಿಂತಳು. ಚಿಕ್ಕಂದಿನಲ್ಲಿ ಅವಳು ಸ್ಕೂಲಿನ ಗೆಳತಿಯರನ್ನೆಲ್ಲ ಅಂಗಡಿಗೆ ಕರೆತಂದು, ನಮ್ಮಪ್ಪ ಹಿಡಿದ ಮೋಡ ಎಂದು ತೋರಿಸಿದ್ದಳು.

"ಅಪ್ಪ, ಹಾಗಾದ್ರೆ ಟೇಪಿನ ಮೇಲಿರೋ ಕಲೆ?"

ಟೈಲರು ಬಾಗಿಲ ಗುಂಡಿಯೊಂದನ್ನು ತಿರುಗಿಸುತ್ತ ಕೂತರು.

"ಆ ಬೆಂಚಿನ ಮೇಲೆ ಚೆಲ್ಲಿದ ಟೀ ಕಣಮ್ಮ."