ಹಸಿ ಹಚ್ಚೆ

ಅರ್ಧ ಎಳೆದಿದ್ದ ಶಟರಿನ ಕೆಳಗೆ ಬಗ್ಗಿ ಯಾರೋ ಒಳಗೆ ಬಂದರು. "ಅಂಗಡಿ ಇಲ್ಲ ಗುರು, ಮುಂದಿನ ವಾರ ಬನ್ನಿ" ಎಂದು ಸುನಿಲ್‌ಕುಮಾರ್ ತಲೆಯೆತ್ತದೆ ಹೇಳಿದ. ಬಂದವರು ಹೋಗಲಿಲ್ಲ. ಬಳೆಯ ಸದ್ದಾಯಿತು. ನೋಡಿದರೆ ಅತ್ತಿಗೆ ಜ್ಯೋತಿಲಕ್ಷ್ಮಿ, ತಲೆ ತುಂಬ ಸೆರಗು ಹೊದ್ದು ನಿಂತಿದ್ದಾಳೆ. ಅಣ್ಣ ಕೆಂಪರಾಜು ತೀರಿಕೊಂಡ ಮೇಲೆ ಅವಳು ರಾಜಘಟ್ಟದ ಮನೆಯ ಹೊಸಿಲು ದಾಟಿರಲಿಲ್ಲ. ನಾಳೆ ತಿಥಿ. ನಾಳೆ ಬೆಳಿಗ್ಗೆ ಅವಳ ಬಳೆ ಒಡೆದು, ಹೂವು ಕಿತ್ತು, ಕುಂಕುಮ ಒರೆಸುವ ಶಾಸ್ತ್ರ.

"ಅತ್ಗೆ, ನೀವ್ಯಾಕೆ ಬಂದ್ರಿ? ಯಾರಾದ್ರೂ ನೋಡಿದ್ರೆ?"

"ಮಗು ಸಿಂಚನಂಗೆ ಕೆಮ್ಮು, ದೊಡ್ಡಬಳ್ಳಾಪುರಕ್ಕೆ ಹೋಗಿ ಔಷಧಿ ತರ್ತೀನಿ ಅಂತ ಹೇಳ್ಬಂದೆ. ಅಜ್ಜಿಗೊಬ್ಬರಿಗೇ ಗೊತ್ತು." ಅವಳು ಗಿರಾಕಿಗಳು ಒರಗುವ ಉದ್ದನೆಯ ಕುರ್ಚಿಯ ತುದಿಯಲ್ಲಿ ಕುಳಿತಳು. "ನಂಗೊಂದು ಹಚ್ಚೆ ಹಾಕು ಸುನಿಲಾ. ಇಲ್ಲಿ." ಎರಡು ಹುಬ್ಬಿನ ನಡುವೆ ಬೆರಳಿಟ್ಟು ತೋರಿಸಿದಳು. "ಅಜ್ಜಿ ಹಣೇಲಿ ಐತಲ್ಲ, ಅಂಥದ್ದೇ ಬೊಟ್ಟು."

ಮುನಿಗಂಗಮ್ಮಜ್ಜಿಯ ಹಣೆಯ ಹಸಿರು ಬೊಟ್ಟು ಆ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಅಜ್ಜಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಆಗ ಕುಂಕುಮ ಒರೆಸಿದರು, ಅದರ ಅಡಿಯ ಹಚ್ಚೆ ಒರೆಸಲು ಯಾರಪ್ಪನಿಂದಲೂ ಆಗಲಿಲ್ಲ. "ಇದನ್ನ ಕೊಟ್ಟೋನು ಗಂಡ ಅಲ್ಲ ಕಣ್ರೋ, ನಮ್ಮವ್ವ ಹಾಕ್ಸಿದ್ದು" ಎಂದು ಅಜ್ಜಿ ಇವತ್ತಿಗೂ ಜಂಬದಿಂದ ಹೇಳುತ್ತದೆ. ಅದರ ಮುಂಗೈ ತುಂಬ ತೊಟ್ಟಿಲು, ತುಳಸಿಕಟ್ಟೆ, ಚೇಳು. ಒಡವೆಯನ್ನಾದರೆ ಸತ್ತಾಗ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎನ್ನುವುದು ಅಜ್ಜಿಯ ಸಿದ್ಧಾಂತ. ಸುನಿಲನ ಅಮ್ಮ ವರಲಕ್ಷ್ಮಮ್ಮನ ಕಾಲಕ್ಕೆ ಹಚ್ಚೆ ಹಳ್ಳಿ ಗುಗ್ಗುಗಳ ಗುರುತಾಗಿತ್ತು. ಹಾಗಾಗಿ ಅವಳು ಹಾಕಿಸಿಕೊಳ್ಳಲಿಲ್ಲ, ಅಪ್ಪ ಹೋದ ದಿನದಿಂದ ಅವಳ ಹಣೆ ಬರಿದು.

ಸುನಿಲ ಅಜ್ಜಿಯ ಕೈ ನೋಡುತ್ತಲೇ ಚಿತ್ರ ಬರೆಯಲು ಕಲಿತವನು. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹಿಂದೆ ಅಂಗಡಿ ತೆರೆದ ಮೇಲೆ ತೊಟ್ಟಿಲು, ಚೇಳು ಕೇಳುವವರು ಸಿಗಲಿಲ್ಲ. ಹುಡುಗರಿಗೆ ಸಿಂಹ ಬೇಕು, ರೆಕ್ಕೆ ಬೇಕು, ತ್ರಿಶೂಲ ಬೇಕು. ಸಿಂಹ ಎಂದರೆ ಧೈರ್ಯ, ರೆಕ್ಕೆ ಎಂದರೆ ಸ್ವಾತಂತ್ರ್ಯ ಎಂದು ಇವನೂ ಫೋನಿನಲ್ಲಿ ಓದಿದ್ದನ್ನು ಒಪ್ಪಿಸುತ್ತಿದ್ದ. ಸಿಂಹ ಹಾಕಿಸಿಕೊಂಡ ಎಷ್ಟೋ ಜನ ಸೂಜಿ ತಗುಲಿದ ಕೂಡಲೇ "ಅವ್ವಾ" ಎಂದು ಕಿರುಚುತ್ತಿದ್ದದ್ದು ಬೇರೆ ಮಾತು.

ಅಣ್ಣನಿಗೆ ಹಾಕಿದ್ದು ನಾಗರ. ತುಂಬ ವರ್ಷ ಮಕ್ಕಳಿಲ್ಲದೆ, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತ ಮೇಲೆ ಸಿಂಚನ ಹುಟ್ಟಿದ್ದಳು. ಅದಕ್ಕೇ ಕೆಂಪರಾಜುಗೆ ನಾಗಪ್ಪನೆಂದರೆ ಪ್ರಾಣ. "ಏಳು ಹೆಡೆ ನಾಗಪ್ಪನ್ನ ತೋಳಿಗೆ ಹಾಕ್ತೀನಿ ಕಣಣ್ಣ, ವಂಶ ಕಾಯೋ ದೇವರು, ಸದಾ ಜೊತೇಲಿರ್ತಾನೆ" ಎಂದು ಹಿಂದೆ ಬಿದ್ದವನು ಸುನಿಲನೇ. ನಿಜ ಹೇಳಬೇಕೆಂದರೆ ಭಕ್ತಿಗಿಂತ ಹೆಚ್ಚಾಗಿ ಅವನಿಗೆ ಅಣ್ಣನ ದಪ್ಪ ತೋಳು ಬೇಕಿತ್ತು. ಅಷ್ಟು ದೊಡ್ಡ ಕೆಲಸದ ಫೋಟೋ ಅಂಗಡಿಯಲ್ಲಿ ಇರಲಿಲ್ಲ.

"ಶುಗರ್ ಐತಲ್ಲೋ, ಗಾಯ ಬೇಗ ಮಾಯಲ್ಲ ಅಂತಾರೆ ಡಾಕ್ಟ್ರು" ಎಂದು ಅಣ್ಣ ಹಿಂದೆಮುಂದೆ ನೋಡಿದ್ದ.

"ಅಯ್ಯೋ, ಸೊಳ್ಳೆ ಕಚ್ಚಿದಷ್ಟೂ ಇರಲ್ಲ, ಸುಮ್ನೆ ಕೂತ್ಕೊ" ಎಂದಿದ್ದ ತಮ್ಮ.

ಕೆಲವು ದಿನಕ್ಕೆ ಹೆಡೆಗಳ ಸುತ್ತ ಚರ್ಮ ಕೆಂಪಾಗಿ ಊದಿಕೊಂಡಿತು. ಅಣ್ಣ ಅಂಗಡಿಗೇ ಬಂದು ತೋರಿಸಿದ. ಗಿರಾಕಿಗಳ ನಡುವೆ ಇದ್ದ ಸುನಿಲ ಒಂದು ಕಣ್ಣು ಹಾಯಿಸಿ, "ಹಕ್ಕಳೆ ಕಟ್ತಾ ಐತೆ, ಅರಿಶಿನ ಹಚ್ಕೊ ಹೋಗು" ಎಂದ. ಅಣ್ಣ ನಂಬಿದ. ತಮ್ಮನಿಗೆ ತಿಳಿಯದ ಹಚ್ಚೆಯೇ? ಜ್ವರ ಬಂದು, ಮಾತು ತೊದಲಿ, ಬೆಂಗಳೂರಿನ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ವಿಷ ಮೈಗೆಲ್ಲ ಏರಿತ್ತು.

ಊರು ಅದನ್ನು ಬೇರೆಯಾಗಿಯೇ ಹೇಳಿತು. ನಾಗಪ್ಪನನ್ನು ಮೈಮೇಲೆ ಬರೆಸಿಕೊಂಡವನು ಮಡಿಯಲ್ಲಿರಬೇಕಿತ್ತು, ಕೆಂಪರಾಜು ಕೋಳಿ ತಿಂದ, ನಾಗಪ್ಪ ಮುನಿದ. ಈ ಮಾತು ಸೋದರತ್ತೆ ಅನಸೂಯಮ್ಮನ ಬಾಯಲ್ಲಿ ಹುಟ್ಟಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ತಿಂದ ಎಂದಮೇಲೆ ಬೇಯಿಸಿ ಹಾಕಿದವಳು ಹೆಂಡತಿಯೇ ಆಗಬೇಕಲ್ಲ. ಮಣ್ಣು ಮಾಡಿ ಬಂದ ದಿನ ಜಗುಲಿಯಲ್ಲಿ ಅತ್ತೆ ನೇರವಾಗಿ ಕೇಳಿದ್ದಳು: "ನಿಮ್ಮತ್ಗೆ ಕೋಳಿ ಸಾರು ಮಾಡಿ ಇಕ್ಕಿದ್ಲಂತಲ್ಲಾ, ಹೌದೇನೋ ಸುನಿಲಾ?"

ಅಣ್ಣ ಮೊಟ್ಟೆಯನ್ನೂ ಮುಟ್ಟಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ "ಇರ್ಬೋದು ಅತ್ತೆ" ಎಂದುಬಿಟ್ಟ. ಅಂದಿನಿಂದ ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯುತ್ತದೆ. ಯಾರಾದರೂ ಬೈಯಲಿ, ಹೊಡೆಯಲಿ ಎಂದು ಕಾಯುತ್ತಾನೆ. ಅಮ್ಮ ಮಾತ್ರ "ನೀನಾದ್ರೂ ಉಣ್ಣು ಮಗಾ" ಎಂದು ತಟ್ಟೆಗೆ ಇನ್ನೊಂದು ಮುದ್ದೆ ಇಡುತ್ತಾಳೆ. ಉಳಿದಿರುವವನು ಇವನೊಬ್ಬನೇ ಮಗ.

"ನನ್ನ ಕೈಲಿ ಬೇಡ ಅತ್ಗೆ" ಎಂದ ಈಗ. "ಬೆಂಗ್ಳೂರಲ್ಲಿ ಎಷ್ಟೋ ಅಂಗಡಿ ಅವೆ. ನನ್ನ ಕೈ ಒಳ್ಳೇದಲ್ಲ. ಅಣ್ಣಂಗೆ ಶುಗರ್ ಇರೋದು ಗೊತ್ತಿದ್ದೂ..."

"ಗೊತ್ತು" ಎಂದಳು ಜ್ಯೋತಿಲಕ್ಷ್ಮಿ. ಅವಳ ದನಿ ಏರಲಿಲ್ಲ. "ಅವತ್ತು ಅನಸೂಯತ್ತೆ ಕೇಳ್ದಾಗ ನೀನು ಇರ್ಬೋದು ಅಂದ್ಯಲ್ಲ, ನಾನು ಬಾಗ್ಲ ಹಿಂದೇನೇ ಇದ್ದೆ."

ಸುನಿಲ ನಾಚಿಕೆಯಿಂದ ಮುಖ ತಿರುಗಿಸಿದ.

"ಕ್ಷಮಿಸ್ಬಿಡಿ ಅತ್ಗೆ."

"ನಂತಾವ ಹೇಳಿ ಏನ್ ಬಂತು? ನಾಳೆ ನನ್ನ ಹಣೆ ಒರೆಸ್ತಾರೆ. ಗಂಡನ್ನ ತಿಂದೋಳು ಅಂತಾನೇ ಒರೆಸ್ತಾರೆ. ನನ್ನ ಮಗಳು ನೋಡ್ತಾ ನಿಂತಿರ್ತಾಳೆ. ಆ ಮಗೀಗೆ ನನ್ನ ಹಣೇಲಿ ಏನಾದ್ರೂ ಕಾಣಿಸ್ಬೇಕು." ಅವಳು ಹಿಂದಕ್ಕೆ ಒರಗಿದಳು. "ನಿನ್ನ ಕೈಯಲ್ಲೇ ಹಾಕು. ಯಾರು ಹಾಕಿದ್ದು ಅಂತ ನಾಳೆ ಕೇಳ್ತಾರಲ್ಲ, ಆಗ್ಲಾದ್ರೂ ನಿನ್ನ ಬಾಯಿಂದ ಒಂದು ಮಾತು ಬರ್ಲಿ."

ಅವನು ಕೈ ತೊಳೆದ. ತೊಳೆದದ್ದು ಸಾಲದೆನಿಸಿ ಮತ್ತೆ ತೊಳೆದ. ಹೊಸ ಕೈಗವಸು ತೊಟ್ಟು, ಹೊಸ ಸೂಜಿಯ ಪೊಟ್ಟಣ ಒಡೆದು, ಸ್ಪಿರಿಟ್ಟಿನಲ್ಲಿ ಅವಳ ಹಣೆ ಒರೆಸಿದ. "ನಿಮ್ಗೆ ಶುಗರ್ ಗಿಗರ್ ಏನಿಲ್ಲ ತಾನೆ?" ಎಂದು ಕೇಳಿದ. ಕೇಳಿದ ಮೇಲೆ ಈ ಪ್ರಶ್ನೆಯನ್ನು ಎಷ್ಟು ತಡವಾಗಿ ಕಲಿತೆನೆಂದುಕೊಂಡ. ಅವಳು ಇಲ್ಲವೆಂದು ತಲೆಯಾಡಿಸಿದಳು. ಕೆಂಪು ಬೇಡ, ಅಜ್ಜಿಯದರ ಹಾಗೆ ಹಸಿರೇ ಇರಲಿ ಎಂದಳು. ಮಷೀನು ಗುಂಯ್‌ಗುಟ್ಟಿತು. ಕಾಳು ಮೆಣಸಿನಷ್ಟು ಬೊಟ್ಟು. ಅಷ್ಟು ಸಣ್ಣ ಕೆಲಸಕ್ಕೆ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಅವಳ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯಿತು, ನೋವಿಗೋ ಮತ್ತಿನ್ನೇನಕ್ಕೋ ಅವನು ಕೇಳಲಿಲ್ಲ.

"ಉಜ್ಜಬೇಡಿ, ನೀರು ಸೋಕಿಸ್ಬೇಡಿ, ಕುಂಕುಮ ಅಂತೂ ಮುಟ್ಟಿಸ್ಲೇಬೇಡಿ. ಹಸಿ ಗಾಯ" ಎಂದ.

"ಅದನ್ನ ನಾಳೆ ಹೇಳು" ಎಂದು ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಶಟರಿನ ಕೆಳಗೆ ಬಗ್ಗಿ ಹೋದಳು.

ಮರುದಿನ ಮನೆಯ ಮುಂದೆ ಶಾಮಿಯಾನ. ದೊಡ್ಡಪ್ಪ ಅಪ್ಪಯ್ಯಣ್ಣ ಗಂಡಸರ ನಡುವೆ ಕುಳಿತು ಕೆಂಪರಾಜುವಿನ ದ್ರಾಕ್ಷಿ ತೋಟವನ್ನು ಇನ್ನು ಯಾರು ನೋಡಿಕೊಳ್ಳಬೇಕೆಂಬ ಪಂಚಾಯ್ತಿ ನಡೆಸಿದ್ದ. ಹೆಂಗಸರ ಶಾಸ್ತ್ರ ಹಿತ್ತಲಲ್ಲಿ. ಅಲ್ಲಿಗೆ ಗಂಡಸರು ಹೋಗುವಂತಿಲ್ಲ. ಸುನಿಲ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತ. ಬಾಯಲ್ಲಿ ಹೇಳಬೇಕಾದ ಮಾತನ್ನು ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ.

ಅಣ್ಣನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಕೈತುಂಬ ಬಳೆ ತೊಡಿಸಿದರು, ಮಲ್ಲಿಗೆ ಮುಡಿಸಿದರು. ಕೊನೆಯ ಸಲಕ್ಕೆಂದು ಅನಸೂಯಮ್ಮ ಹಣೆಗೆ ಕಾಸಿನಗಲ ಕುಂಕುಮ ಮೆತ್ತಿದಳು. ಹಸಿ ಗಾಯಕ್ಕೆ ಕುಂಕುಮ ಇಳಿಯುವುದನ್ನು ನೋಡಿ ಸುನಿಲ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅತ್ತಿಗೆ ಮುಖ ಹಿಂಡಲಿಲ್ಲ. ಬಳೆ ಒಡೆದರು. ಹೂವು ಕಿತ್ತರು. ಸಿಂಚನ ಅಜ್ಜಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಅನಸೂಯಮ್ಮ ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದಳು. ಕುಂಕುಮ ಹೋಯಿತು. ಹಸಿರು ಬೊಟ್ಟು ನಿಂತಿತು.

"ಇದೇನೇ ಇದು?"

"ಹಚ್ಚೆ" ಎಂದಳು ಜ್ಯೋತಿಲಕ್ಷ್ಮಿ.

ಹೆಂಗಸರು ಗುಸುಗುಸು ಮಾಡಿದರು. "ಗಂಡನ ಮಣ್ಣು ಇನ್ನೂ ಆರಿಲ್ಲ, ಇವಳಿಗೆ ಹಚ್ಚೆ ಸಿಂಗಾರ!" ಅನಸೂಯಮ್ಮನ ದನಿ ಏರಿತು. "ಕೋಳಿ ಬೇಯ್ಸಿ ಹಾಕಿ ಅವನ್ನ ಮುಗಿಸಿದ್ದು ಸಾಲ್ದಾ? ಯಾರು ಹಾಕಿದ್ದು ಇದನ್ನ?"

ಅತ್ತಿಗೆ ಬಾಗಿಲಿನತ್ತ ನೋಡಿದಳು. ಸುನಿಲ ಬಾಯಿ ತೆರೆದ. ದನಿ ಹೊರಡಲಿಲ್ಲ. ಅವಳು ಇನ್ನಷ್ಟು ಹೊತ್ತು ಕಾದು, ಕಣ್ಣು ತಗ್ಗಿಸಿ, "ಯಾರೋ ಹಾಕಿದ್ರು ಬಿಡಿ" ಎಂದಳು. ಆ ಮಾತು ಅವನಿಗೆ ಕಪಾಳಕ್ಕೆ ಹೊಡೆದಂತಿತ್ತು.

"ಹೋಗಲ್ವಾ ಇದು? ನೋಡ್ತೀನಿ ತಾಳು" ಎಂದು ಅನಸೂಯಮ್ಮ ಅವಳ ತಲೆಯನ್ನು ಒಂದು ಕೈಲಿ ಅಮುಕಿ, ಬಟ್ಟೆ ಮುದುರಿ ಗಸಗಸ ಉಜ್ಜತೊಡಗಿದಳು. "ಬಿಡೇ ಅನಸೂಯ" ಎಂದು ಮುನಿಗಂಗಮ್ಮಜ್ಜಿ ಕೂಗಿತು. ಅವಳು ಬಿಡಲಿಲ್ಲ. ಮೂಗಿನ ಮೇಲೆ ರಕ್ತದ ಒಂದು ಎಳೆ ಇಳಿಯಿತು.

"ಉಜ್ಜಬೇಡ ಅತ್ತೆ!"

ತಾನು ಹಿತ್ತಲಿಗೆ ಹೇಗೆ ಹಾರಿ ಬಂದೆನೆಂಬುದು ಸುನಿಲನಿಗೇ ತಿಳಿಯಲಿಲ್ಲ. ಅತ್ತೆಯ ಕೈ ಹಿಡಿದು ಬಟ್ಟೆ ಕಿತ್ತುಕೊಂಡಿದ್ದ. "ಹಸಿ ಗಾಯ ಅದು! ಕೀವಾಗುತ್ತೆ, ವಿಷ ಏರುತ್ತೆ! ನಿನ್ನೆ ನಾನೇ ಹಾಕಿರೋದು!"

ಒಮ್ಮೆ ಬಾಯಿ ಬಿಟ್ಟಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. "ಅಣ್ಣ ಕೋಳಿ ತಿನ್ಲಿಲ್ಲ. ಅತ್ಗೆ ಏನೂ ಮಾಡ್ಲಿಲ್ಲ. ಶುಗರ್ ಐತೆ ಬೇಡ ಅಂದ, ನಾನೇ ಬಲವಂತ ಮಾಡ್ದೆ. ಊದಿಕೊಂಡೈತೆ ನೋಡೋ ಅಂತ ಬಂದ, ಅರಿಶಿನ ಹಚ್ಕೊ ಹೋಗು ಅಂದೆ. ನಾಗಪ್ಪ ಯಾಕೆ ಮುನೀತಾನೆ? ನಾನು ಮಾಡಿದ್ದು. ನಾನು ಮಾಡಿ ಸುಮ್ನಿದ್ದೆ."

ಅನಸೂಯಮ್ಮ ಹಿಂದೆ ಸರಿದಳು. ಒಡೆದ ಬಳೆಚೂರುಗಳ ಆಚೆ, ಗೋಡೆಗೆ ಒರಗಿ ಕುಳಿತಿದ್ದ ವರಲಕ್ಷ್ಮಮ್ಮ ಮೆಲ್ಲಗೆ ಎದ್ದಳು. ಬರಿಗಾಲಲ್ಲಿ ಗಾಜನ್ನು ದಾಟಿ ಮಗನ ಹತ್ತಿರ ಬಂದಳು. ಅವನು ಕಣ್ಣು ಮುಚ್ಚಿ ಕೆನ್ನೆ ಒಡ್ಡಿ ನಿಂತ. ಇಷ್ಟು ದಿನ ಬೇಡಿದ್ದು ಇದನ್ನೇ.

ಏಟು ಬೀಳಲಿಲ್ಲ. ಅಮ್ಮ ಅವನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ಅಂಗೈ ಮೇಲಾಗಿ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಈ ಕೈಯಲ್ಲೇನಾ ಮಗಾ?"

"ಹೂಂ ಅಮ್ಮ."

ಮುಂದಿನ ಬಾಗಿಲಿನಿಂದ ಊಟಕ್ಕೆ ಎಲೆ ಹಾಕಬಹುದೇ ಎಂದು ಯಾರೋ ಕೂಗಿದರು. ಅಮ್ಮ ಹೊಡೆಯಲೂ ಇಲ್ಲ, ಹಿಡಿದ ಕೈ ಬಿಡಲೂ ಇಲ್ಲ.