ಮೂಗು ಹಿಡಿಯುವ ಕೈ

ನಾನು ಒಂದು ಹಿತ್ತಾಳೆಯ ಒಳಲೆ. ಎಳೆಯ ಮಕ್ಕಳಿಗೆ ಹಾಲು, ಔಷಧ ಕುಡಿಸುವ, ಚೂಪು ಮೂತಿಯ ಪುಟ್ಟ ಬಟ್ಟಲು. ನಾಗಮಂಗಲದ ಕಂಚುಗಾರನೊಬ್ಬ ನನ್ನನ್ನು ಬಡಿದು ತಿದ್ದಿ, ಮೂತಿಯ ಅಂಚನ್ನು ತನ್ನ ತುಟಿಗೇ ತಾಗಿಸಿ ನೋಡಿ, "ಮಗೀಗೆ ಗೀರಬಾರ್ದು" ಎಂದು ಮತ್ತೊಮ್ಮೆ ಉಜ್ಜಿದ. ಅವನೊಬ್ಬನ ಮೇಲೆ ನನಗೆ ಅನುಮಾನವಿಲ್ಲ.

ಹಾಸನದ ನಂಜಮ್ಮ ಬಾಣಂತಿಯಾಗಿದ್ದಾಗ ಅವಳ ಕೈ ಸೇರಿದೆ. ಮಗಳು ವಾರಿಜ. ಹಾಲು ಕುಡಿಸುವಷ್ಟು ದಿನ ಎಲ್ಲ ಸರಿಯಿತ್ತು. ಮಗು ಹರಳೆಣ್ಣೆಯ ವಾಸನೆ ಗುರುತಿಸುವ ಹೊತ್ತಿಗೆ ನನ್ನ ಮರ್ಯಾದೆ ಹೋಯಿತು. ನನ್ನನ್ನು ಕಂಡರೆ ಸಾಕು, ವಾರಿಜ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮಂಚದಡಿ ಓಡುತ್ತಿದ್ದಳು. ನಂಜಮ್ಮ ಕಾಲು ಹಿಡಿದು ಎಳೆದು, ಮಡಿಲಲ್ಲಿ ಒತ್ತಿಕೊಂಡು, "ಜಾಣ ಮರಿ ಅಲ್ವಾ, ಒಂದೇ ಒಂದು ಗುಟುಕು" ಎನ್ನುತ್ತಲೇ ಮೂಗು ಹಿಡಿಯುತ್ತಿದ್ದಳು. ಉಸಿರಿಗೆಂದು ತೆರೆದ ಬಾಯಿಗೆ ನನ್ನ ಮೂತಿ ನುಗ್ಗುತ್ತಿತ್ತು. ಅದು ಯಾವತ್ತೂ ಒಂದೇ ಗುಟುಕಾಗಿರಲಿಲ್ಲ. ಒಳ್ಳೆಯದಕ್ಕೇ ಇರಬಹುದು. ಆದರೆ ಅಂದಿನಿಂದ ಯಾರಾದರೂ "ಜಾಣ ಮರಿ" ಎಂದರೆ, ಅವರ ಇನ್ನೊಂದು ಕೈ ಎಲ್ಲಿದೆಯೆಂದು ನಾನು ಮೊದಲು ನೋಡುತ್ತೇನೆ.

ವರ್ಷಗಳು ಉರುಳಿ ವಾರಿಜಳ ಮನೆಯ ಅಟ್ಟ ಸೇರಿದೆ. ಒಂದು ದಿನ ಅವಳೇ ನನ್ನನ್ನು ಇಳಿಸಿ, ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಮನೆಯಲ್ಲಿ ಮಗುವಿಲ್ಲ. ನನಗೆ ಅನುಮಾನ ಬಂತು. ಹಾಸಿಗೆಯಲ್ಲಿ ನಂಜಮ್ಮ ಮಲಗಿದ್ದಳು. ಲಕ್ವ ಹೊಡೆದು ಮಾತು ನಿಂತಿತ್ತು. ತಿಳಿವಳಿಕೆ ಮಾತ್ರ ಚೆನ್ನಾಗಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳು ಗಂಜಿ ಒಲ್ಲೆನೆಂದು ತುಟಿ ಬಿಗಿದಿದ್ದಳು.

"ಜಾಣಮ್ಮ ಅಲ್ವಾ, ಒಂದೇ ಒಂದು ಗುಟುಕು" ಎಂದಳು ವಾರಿಜ. ನಾನು ಅವಳ ಇನ್ನೊಂದು ಕೈ ನೋಡಿದೆ. ಅದು ಮೂಗಿನ ಕಡೆಗೇ ಹೊರಟಿತ್ತು.

ನಂಜಮ್ಮ ಸ್ವಾಧೀನವಿದ್ದ ಒಂದೇ ಕೈಯನ್ನು ಎತ್ತಿ ಬಾಯಿ ಮುಚ್ಚಿಕೊಂಡಳು. ವಾರಿಜಳ ಕೈ ಅಲ್ಲೇ ನಿಂತಿತು. ಮಂಚದಡಿ ಅವಿತುಕೊಳ್ಳುತ್ತಿದ್ದದ್ದು ನೆನಪಾಗಿರಬೇಕು. "ಅಮ್ಮಾ, ನಿಜವಾಗ್ಲೂ ಬೇಡ್ವಾ?" ಎಂದು ಕೇಳಿದಳು. ನನ್ನ ಆಯುಸ್ಸಿನಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿರಲಿಲ್ಲ. ನಂಜಮ್ಮ ಬೇಡವೆಂದು ತಲೆಯಾಡಿಸಿದಳು. ವಾರಿಜ ಗಂಜಿ ಚೆಲ್ಲಿ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಪ್ರತಿ ಸಲವೂ ಕೇಳಿ, ಅಮ್ಮ ತಾನಾಗಿ ಬಾಯಿ ತೆರೆದಾಗ ಮಾತ್ರ ಒಂದಿಷ್ಟು ನೀರು ಬಿಟ್ಟಳು.

ನಂಜಮ್ಮ ಹೋದಳು. ಬಂದ ನೆಂಟರು ವಾರಿಜಳನ್ನು ಸುಮ್ಮನೆ ಬಿಡಲಿಲ್ಲ. "ಮೂಗು ಹಿಡ್ದಾದ್ರೂ ಹುಯ್ಬೇಕಿತ್ತು ಕಣೆ" ಎಂದರು ದೊಡ್ಡಮ್ಮ.

"ಹುಯ್ಬೋದಿತ್ತು ದೊಡ್ಡಮ್ಮ. ಆದ್ರೆ ಬಾಯಿ ಅಮ್ಮಂದು" ಎಂದಳು ವಾರಿಜ.

ಈಗ ನನಗೆ ವಯಸ್ಸಾಗಿದೆ, ಮೈಯೆಲ್ಲ ನೆಗ್ಗು. ಶೋಕೇಸಿನ ಮೂಲೆಯಲ್ಲಿ ನೆಮ್ಮದಿಯಾಗಿದ್ದೆ. ಮೊನ್ನೆ ಪಕ್ಕದ ಮನೆಯವರು ಎರವಲು ಕೇಳಿ ಒಯ್ದರು. ಅಲ್ಲಿ ಅಜ್ಜಿಯ ಮಡಿಲಲ್ಲಿ ಒಂದು ಮಗು, ನನ್ನನ್ನು ನೋಡಿ ನಗುತ್ತಿದೆ. ಅಜ್ಜಿ "ಜಾಣ ಮರಿ" ಎಂದಳು.

ನಾನು ಅವಳ ಇನ್ನೊಂದು ಕೈಯನ್ನೇ ನೋಡುತ್ತಿದ್ದೇನೆ.